ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಕ್ಲಿಪ್: ಬಳ್ಳಾರಿ ರಸ್ತೆಗೆ ಈ ಪೆಡಲ್ ಆದೀತೇ?

ರಾಯಲ್ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಸೈಕಲ್ಲಿನವರ ಕಾಲುಗಳನ್ನಷ್ಟೇ ಗಮನಿಸಿ. ಹೆಚ್ಚೂಕಡಿಮೆ ಎಲ್ಲರೂ ಎಡಗಾಲನ್ನೇ ನೆಲಕ್ಕೆ ಕೊಡುತ್ತಾರೆ. ಬಲಗಾಲು ಪೆಡಲ್ ಬಿಟ್ಟು ಕದಲುವುದಿಲ್ಲ, ದೀಪ ಹಸಿರಾದ ಕೂಡಲೇ ಮೊದಲ ತುಳಿತ ಅದರದೇ. ಹಾಲಿನ ಕ್ಯಾನ್ ಕಟ್ಟಿಕೊಂಡವರಾಗಲಿ, ಶಾಲೆಗೆ ಹೊರಟ ಹುಡುಗಿಯರಾಗಲಿ, ಹೆಲ್ಮೆಟ್ ಹಾಕಿಕೊಂಡು ಬೆಳಗಿನ ಜಾವ ಸಂಡೂರು ಕಡೆ ಹೊರಡುವವರಾಗಲಿ, ಲೆಕ್ಕ ಒಂದೇ. ಪೆಡಲ್ ಕೊಳ್ಳುವಾಗ ಮಾತ್ರ ಎಲ್ಲರೂ ತೂಕ ಕೇಳುತ್ತಾರೆ, ಬಣ್ಣ ನೋಡುತ್ತಾರೆ. ಎರಡು ಕಾಲಿಗೆ ಎರಡು ಬೇರೆ ಕೆಲಸ ಇದೆ ಅನ್ನುವುದು ಯಾರ ತಲೆಗೂ ಬರುವುದಿಲ್ಲ. ಈ ವಿಮರ್ಶೆ ಬರೆದಿರುವುದು ಆ ಲೆಕ್ಕದ ಮೇಲೆ.

ವಸ್ತು ಯಾವುದೆಂದರೆ ಶಿಮಾನೊ ಕಂಪನಿಯ ಪಿಡಿ-ಇಎಚ್500. ಒಂದು ಬದಿಯಲ್ಲಿ ಶೂವನ್ನು ಕಚ್ಚಿ ಹಿಡಿಯುವ ಎಸ್‌ಪಿಡಿ ಕ್ಲಿಪ್, ಮಗುಚಿದರೆ ಪುಟ್ಟ ಪಿನ್ನುಗಳಿರುವ ಚಪ್ಪಟೆ ಮೈ. ಜೋಡಿಯ ತೂಕ 383 ಗ್ರಾಂ. ಎರಡೂ ಬದಿ ಕ್ಲಿಪ್ ಇರುವ ಅದೇ ಕಂಪನಿಯ ಎಂ520 ಜೋಡಿ 380 ಗ್ರಾಂ. ಹೀಗಾಗಿ ತೂಕದ ಮಾತು ಇಲ್ಲಿಗೇ ಮುಗಿಯಿತು. ಹೋಲಿಕೆಗೆ ಇನ್ನೆರಡನ್ನು ಪಕ್ಕದಲ್ಲಿ ಇಟ್ಟುಕೊಳ್ಳೋಣ: ಕರಿ ಸೈಕಲ್ಲಿಗೆ ಬರುವ ರಬ್ಬರ್ ಇಟ್ಟಿಗೆಯ ಪೆಡಲ್, ಮತ್ತು ಗೇರ್ ಸೈಕಲ್ಲುಗಳಿಗೆ ಹಾಕುವ ಅಗಲ ನೈಲಾನ್ ಪೆಡಲ್.

ಅಂಗಡಿಯಲ್ಲಿ ಇದನ್ನು ‘ಕ್ಲಿಪ್‌ಲೆಸ್’ ಅಂತ ಕೇಳಬೇಕು. ಕ್ಲಿಪ್ ಇರುವುದಕ್ಕೇ ಕ್ಲಿಪ್ ಇಲ್ಲದ್ದು ಅನ್ನುವ ಹೆಸರು! ಹಿಂದೆ ರೇಸ್ ಸೈಕಲ್ಲುಗಳಲ್ಲಿ ಕಾಲ್ಬೆರಳ ಮುಂದೆ ಬುಟ್ಟಿಯಂಥ ಒಂದು ತಗಡು, ಅದಕ್ಕೊಂದು ಚರ್ಮದ ಪಟ್ಟಿ ಇರುತ್ತಿತ್ತು. ಆ ಬುಟ್ಟಿಗೆ ಟೋ ಕ್ಲಿಪ್ ಅನ್ನುತ್ತಿದ್ದರು. ಬುಟ್ಟಿ ಹೋದ ಮೇಲೆ ಬಂದ ಪೆಡಲ್ಲಿಗೆ ಈ ಹೆಸರು ಅಂಟಿಕೊಂಡಿತು. ಶಿಮಾನೊ ತನ್ನ ಎಸ್‌ಪಿಡಿಯನ್ನು ತಂದದ್ದು 1990ರಲ್ಲಿ. ಶೂವಿನ ಅಟ್ಟೆಯಡಿ ಎರಡು ಬೋಲ್ಟಿನಲ್ಲಿ ಕೂರುವ ಹೆಬ್ಬೆರಳಗಲದ ಉಕ್ಕಿನ ತುಂಡಿಗೆ ಕ್ಲೀಟ್ ಅನ್ನುತ್ತಾರೆ. ಅದರ ಮೂತಿಯನ್ನು ಪೆಡಲ್ಲಿನ ಮುಂದಿನ ಕೊಕ್ಕೆಗೆ ಕೊಟ್ಟು ಪಾದ ಒತ್ತಿದರೆ ಹಿಂದಿನ ಸ್ಪ್ರಿಂಗ್ ಬಾಯಿ ‘ಟಕ್’ ಅಂತ ಕಚ್ಚುತ್ತದೆ. ಬಿಡಿಸಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುವಬೇಕು. ಮಾಮೂಲಿ ಕ್ಲೀಟ್ ಮೇಲಕ್ಕೆ ಎಳೆದರೆ ಬಾರದು. ಹೊಸಬರು ಬೀಳುವುದು ಇದೊಂದು ಕಾರಣಕ್ಕೆ: ಗಾಬರಿಯಲ್ಲಿ ಕಾಲು ಮೇಲಕ್ಕೇ ಎಳೆಯುತ್ತದೆ.

ಎಡಗಾಲೇ ಯಾಕೆ

ಇದು ಬರೀ ಅಭ್ಯಾಸ ಅಲ್ಲ, ಸೈಕಲ್ಲಿನ ರಚನೆಯೇ ಹಾಗಿದೆ. ಚೈನು, ಅದರ ಹಲ್ಲುಚಕ್ರ ಬಲಗಡೆ. ಸೈಡ್ ಸ್ಟ್ಯಾಂಡ್ ಎಡಗಡೆ. ಎಣ್ಣೆ ಮೆತ್ತಿದ ಚೈನಿನ ಬದಿಯಿಂದ ಯಾರೂ ಹತ್ತುವುದಿಲ್ಲ. ಪಂಚೆ ಉಟ್ಟವರಂತೂ ಖಂಡಿತ ಇಲ್ಲ. ಎಡಗಡೆ ನಿಂತು, ಎಡಗಾಲನ್ನು ಎಡ ಪೆಡಲ್ ಮೇಲಿಟ್ಟು, ಬಲಗಾಲಲ್ಲಿ ನೆಲವನ್ನು ಎರಡು ಸಲ ಒದ್ದು, ಅದೇ ಕಾಲನ್ನು ಕ್ಯಾರಿಯರ್ ಮೇಲಿಂದ ಬೀಸಿ ಹಾಕುವುದು ಕರಿ ಸೈಕಲ್ಲಿನ ಪದ್ಧತಿ. ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆಯೋ ಅಕ್ಕಿ ಚೀಲವೋ ಇದ್ದರೆ ಕಾಲು ಬೀಸಲಾಗದು. ಆಗ ಸೈಕಲ್ಲನ್ನೇ ಎಡಕ್ಕೆ ವಾಲಿಸಿ ಬಾರಿನ ಮೇಲಿಂದ ಕಾಲು ದಾಟಿಸುತ್ತಾರೆ. ಎಡಗಾಲಿನ ನಂಟು ಅಲ್ಲೂ ತಪ್ಪುವುದಿಲ್ಲ.

ಒಳಪೆಡಲಲ್ಲಿ ಕಲಿತವರಿಗೆ ಇದು ಇನ್ನೂ ಆಳಕ್ಕೆ ಇಳಿದಿರುತ್ತದೆ. 22 ಇಂಚಿನ ಸೈಕಲ್ಲಿನ ಸೀಟು ಎಟುಕದ ಹುಡುಗ ಬಲಗಾಲನ್ನು ಫ್ರೇಮಿನ ತ್ರಿಕೋನದೊಳಗೆ ತೂರಿಸಿ ಬಲ ಪೆಡಲ್ ತುಳಿಯುತ್ತಾನೆ. ಮೈ ಪೂರ್ತಿ ಸೈಕಲ್ಲಿನ ಎಡಕ್ಕೆ ನೇತಾಡುತ್ತಿರುತ್ತದೆ. ನಿಲ್ಲಬೇಕಾದರೆ ಎಡಗಾಲು ಬಿಟ್ಟು ಬೇರೆ ದಾರಿಯೇ ಇಲ್ಲ, ಬಲಗಾಲು ತ್ರಿಕೋನದಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗೆ ಕಲಿತ ಕಾಲು ನಲವತ್ತು ವರ್ಷ ಆದರೂ ಮರೆಯದು.

ಮೇಲಾಗಿ ನಮ್ಮ ದೇಶದಲ್ಲಿ ವಾಹನ ಎಡಗಡೆ ಓಡುತ್ತದೆ. ರಸ್ತೆಯ ಅಂಚು ಎಡಕ್ಕೆ, ಲಾರಿ ಬಲಕ್ಕೆ. ಕಾಲು ಕೊಟ್ಟ ಕಡೆಗೆ ಮೈ ವಾಲುತ್ತದಾದ್ದರಿಂದ ಎಡಗಾಲು ಕೊಟ್ಟರೆ ಅಂಚಿನ ಕಡೆಗೇ ವಾಲುತ್ತೇವೆ. ಅಮೆರಿಕ, ಫ್ರಾನ್ಸ್‌ಗಳಲ್ಲಿ ಇದು ತಿರುಗುಮುರುಗು. ಅಂಚು ಬಲಕ್ಕಿರುವುದರಿಂದ ಅಲ್ಲಿಯವರು ಬಲಗಾಲನ್ನು ಕಲ್ಲಂಚಿಗೆ ಕೊಟ್ಟರೆ ಚೈನಿನ ಎಣ್ಣೆ ಮೀನಖಂಡಕ್ಕೆ ಬಳಿಯುತ್ತದೆ, ಎಡಗಾಲು ಕೊಟ್ಟರೆ ಕಾರುಗಳ ಕಡೆಗೆ ವಾಲಬೇಕಾಗುತ್ತದೆ. ನಮಗೆ ಆ ಜಗಳವಿಲ್ಲ. ಬಹುಪಾಲು ಜನರಿಗೆ ಬಲಗಾಲೇ ಜೋರು, ಎಡಗಾಲು ಊರಿ ನಿಲ್ಲುವ ಕಾಲು. ಸ್ಟ್ಯಾಂಡು, ಚೈನು, ರಸ್ತೆ, ಮೈ ನಾಲ್ಕೂ ಒಂದೇ ಮಾತು ಹೇಳುತ್ತವೆ: ಬಲಗಾಲು ಪೆಡಲ್ಲಿಗೆ, ಎಡಗಾಲು ನೆಲಕ್ಕೆ.

ಎರಡು ಬದಿಯ ಪೆಡಲ್ ನಮ್ಮ ಊರಿಗೆ ಹೊಂದುವುದು ಇದರಿಂದಲೇ. ಪೇಟೆಯೊಳಗೆ ಬಲಗಾಲನ್ನು ಮಾತ್ರ ಕ್ಲಿಪ್ಪಿಗೆ ಹಾಕಿ, ಎಡಗಾಲನ್ನು ಚಪ್ಪಟೆ ಬದಿಯ ಮೇಲೆ ಬಿಡುವಾಗಿ ಇಟ್ಟುಕೊಳ್ಳಬಹುದು. ಮೋತಿ ಸರ್ಕಲ್ ದಾಟಿ, ಊರು ಬಿಟ್ಟು, ಸಿರುಗುಪ್ಪ ದಾರಿಯ ಸಪಾಟು ಟಾರು ಸಿಕ್ಕ ಮೇಲೆ ಎಡದ್ದನ್ನೂ ಸಿಕ್ಕಿಸಿದರಾಯಿತು. ಎಂ520ರಲ್ಲಿ ಈ ಆಯ್ಕೆ ಇಲ್ಲ. ಅದರ ಎರಡು ಬದಿಯೂ ಕ್ಲಿಪ್ಪೇ, ಸಿಕ್ಕಿಸದೆ ಕಾಲಿಟ್ಟರೆ ಗುಂಡು ಕಲ್ಲಿನ ಮೇಲೆ ಇಟ್ಟ ಹಾಗೆ.

ನಿಲ್ಲುವುದು

ಕ್ಲಿಪ್ಪಿನ ಪೆಡಲ್ಲಿಗೆ ಬಂದ ಹೆಚ್ಚಿನ ದೂರುಗಳು ನಿಲ್ಲುವುದರ ಬಗ್ಗೆ, ಅದರಲ್ಲಿ ಮುಕ್ಕಾಲು ಪೆಡಲ್ಲಿನ ತಪ್ಪಲ್ಲ. ಕ್ರಮ ಹೀಗಿದೆ. ನಿಲ್ಲುವ ಜಾಗ ಇನ್ನೂ 20-30 ಮೀಟರ್ ಇರುವಾಗಲೇ ಗೇರ್ ಇಳಿಸಿ. ಸೈಕಲ್ ನಿಂತ ಮೇಲೆ ಚೈನು ಗೇರ್ ಬದಲಿಸುವುದಿಲ್ಲ. ಎಡ ಪೆಡಲ್ ತೀರಾ ಕೆಳಗೆ ಬಂದಾಗ ಎಡ ಹಿಮ್ಮಡಿಯನ್ನು ಹೊರಕ್ಕೆ ತಿರುವಿ ಬಿಡಿಸಿ. ಕಾಲನ್ನು ಆಗಲೇ ನೆಲಕ್ಕೆ ಚಾಚಬೇಡಿ, ಪೆಡಲ್ ಮೇಲೆಯೇ ಸುಮ್ಮನೆ ಇಟ್ಟು ಇನ್ನರ್ಧ ಸುತ್ತು ತುಳಿಯಿರಿ. ಈಗ ಬಲ ಪೆಡಲ್ ಕೆಳಗಿದೆ. ಅದರ ಮೇಲೆ ಎದ್ದು ನಿಂತು, ಸೀಟಿನಿಂದ ಮುಂದಕ್ಕೆ ಜಾರಿ, ಬ್ರೇಕ್ ಪೂರ್ತಿ ಒತ್ತಿ, ಎಡಗಾಲು ಇಳಿಸಿ.

ಸೀಟಿನ ಮೇಲೆ ಕೂತೇ ಕಾಲು ಎಟುಕಿಸುವುದು ಎರಡನೆಯ ತಪ್ಪು. ಸೀಟು ಸರಿಯಾದ ಎತ್ತರಕ್ಕಿದ್ದರೆ ಕೂತಲ್ಲಿಂದ ಬೆರಳ ತುದಿ ಮಾತ್ರ ನೆಲ ಮುಟ್ಟುತ್ತದೆ. ಅದಕ್ಕಂತ ಸೀಟು ಇಳಿಸಿಕೊಂಡವರು ಮಂಡಿ ನೋವು ತಂದುಕೊಳ್ಳುತ್ತಾರೆ. ರಸ್ತೆ ಕೂಡ ಸಪಾಟಿಲ್ಲ. ಮಳೆ ನೀರು ಹರಿಯಲೆಂದು ನಡು ಎತ್ತರ, ಅಂಚು ತಗ್ಗು ಮಾಡಿರುತ್ತಾರೆ. ಎಡಗಾಲು ಇಳಿಯುವುದು ತಗ್ಗಿನ ಕಡೆಗೆ. ಅದರ ಮೇಲೆ ಟಾರಿನ ಅಂಚು ಮುರಿದು ಒಂದು ಗೇಣು ಕೆಳಗೆ ಮಣ್ಣಿದ್ದರೆ ಎಡಗಾಲು ಗಾಳಿಯಲ್ಲೇ ಉಳಿಯುತ್ತದೆ. ಅಂಚಿಗೆ ಅಂಟಿಕೊಂಡು ನಿಲ್ಲಬೇಡಿ. ಎರಡಡಿ ಒಳಗೆ, ಟಾರಿನ ಮೇಲೆಯೇ ಕಾಲು ಇಳಿಯುವ ಹಾಗೆ ನಿಲ್ಲಿ.

ಎಡಗಾಲು ಬಿಡಿಸಿದ್ದರೂ ಬಲಕ್ಕೆ ಬೀಳುವವರಿದ್ದಾರೆ. ನೋಡಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಕಾರಣ ಸರಳ. ನಿಧಾನಕ್ಕೆ ಉರುಳುತ್ತಿರುವ ಸೈಕಲ್ಲಿನ ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದರೆ ಗಾಲಿಗಳು ಎಡಕ್ಕೆ ಸರಿಯುತ್ತವೆ, ಮೈ ಹಿಂದೆ ಬಿದ್ದು ಬಲಕ್ಕೆ ವಾಲುತ್ತದೆ. ಕೊನೆಯ ಗಳಿಗೆಯಲ್ಲಿ ‘ಇನ್ನಷ್ಟು ಅಂಚಿಗೆ ಹೋಗೋಣ’ ಅಂತ ಎಡಕ್ಕೆ ಎಳೆದವರು ಹೀಗೆ ಬಲಕ್ಕೆ, ಅಂದರೆ ಇನ್ನೂ ಸಿಕ್ಕಿಕೊಂಡಿರುವ ಕಾಲಿನ ಕಡೆಗೆ, ಅಂದರೆ ಲಾರಿಯ ಕಡೆಗೆ ಉರುಳುತ್ತಾರೆ. ಮಾಡಬೇಕಾದ್ದು ಇದರ ಉಲ್ಟಾ. ಅಂಚಿಗೆ ಬರುವುದನ್ನು ಮೊದಲೇ ಮುಗಿಸಿ, ಕೊನೆಯ ಒಂದು ಮೀಟರಿನಲ್ಲಿ ಹ್ಯಾಂಡಲ್ಲನ್ನು ಬಲಕ್ಕೆ ಕೂದಲೆಳೆಯಷ್ಟು ಕೊಡಿ. ಮೈ ತಾನಾಗಿ ಎಡಕ್ಕೆ ಬರುತ್ತದೆ, ಕಾಲು ಕಾದಿರುತ್ತದೆ.

ಒಂದೇ ಒಂದು ಕಡೆ ಎಡಗಾಲಿನ ನಿಯಮ ಕೆಲಸಕ್ಕೆ ಬರುವುದಿಲ್ಲ: ಫ್ರೀ ಲೆಫ್ಟ್ ಇರುವ ಸಿಗ್ನಲ್. ನೇರ ಹೋಗಬೇಕಾದವರು ತೀರಾ ಎಡಕ್ಕೆ ನಿಂತರೆ ಹಿಂದಿನ ಬೈಕು ಆಟೋಗಳ ಹಾರ್ನ್ ತಿನ್ನಬೇಕು. ಬಲಕ್ಕೆ ಸರಿದು ನಿಂತರೆ ಎಡಗಡೆಯಿಂದ ಅವು ಉಜ್ಜಿಕೊಂಡು ಹೋಗುತ್ತವೆ, ಚಾಚಿದ ಎಡಗಾಲು ಅವುಗಳ ದಾರಿಯಲ್ಲೇ ಇರುತ್ತದೆ. ಡಿವೈಡರ್ ಪಕ್ಕ ನಿಲ್ಲಬೇಕಾಗಿ ಬಂದಾಗ ಅದರ ಕಲ್ಲಿನ ಮೇಲೆ ಬಲಗಾಲು ಕೊಡುವುದೇ ಜಾಣತನ. ಖಾಲಿ ಮೈದಾನದಲ್ಲಿ ಬಲಗಾಲು ಬಿಡಿಸಿ ನಿಲ್ಲುವುದನ್ನೂ ಇಪ್ಪತ್ತು ಮೂವತ್ತು ಸಲ ಅಭ್ಯಾಸ ಮಾಡಿಕೊಳ್ಳಿ. ಮೊದಮೊದಲು ಎಡಗೈಯಲ್ಲಿ ಬರೆದಂತೆ ಇರುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ.

ಹೊರಡುವುದು

ಈ ಪೆಡಲ್ ದುಡ್ಡು ತೀರಿಸುವುದು ಹೊರಡುವಾಗ. ಬಲ ಪೆಡಲ್ ಗಡಿಯಾರದ 2 ಗಂಟೆಯ ಜಾಗದಲ್ಲಿರಬೇಕು, ಅಂದರೆ ಮುಂದೆ, ಸ್ವಲ್ಪ ಮೇಲೆ. ಅಲ್ಲಿಂದ ತುಳಿದರೆ ಪೆಡಲ್ ಸುತ್ತಿನ ಮೂರನೇ ಒಂದು ಭಾಗ ತಿರುಗುತ್ತದೆ, ಸೈಕಲ್ ಒಂದೇ ತುಳಿತಕ್ಕೆ ಮುಂದೆ ಸಾಗುತ್ತದೆ. ನಿಂತಾಗ ಬಲ ಪೆಡಲ್ ಕೆಳಗಿರುತ್ತದೆ ಅಂತ ಆಗಲೇ ಹೇಳಿದೆವು. ಅದನ್ನು 2 ಗಂಟೆಗೆ ತರುವುದು ಹೇಗೆ? ರಬ್ಬರ್ ಪೆಡಲ್ಲಿನಲ್ಲಾದರೆ ಪಾದದ ಮೇಲ್ಭಾಗವನ್ನು ಪೆಡಲ್ಲಿನ ಅಡಿಗೆ ಕೊಟ್ಟು ಹಿಂದುಮುಂದಾಗಿ ಎತ್ತಬೇಕು, ಇಲ್ಲವೇ ಸೈಕಲ್ಲನ್ನೇ ಹಿಂದಕ್ಕೆ ತಳ್ಳಬೇಕು. ಹವಾಯಿ ಚಪ್ಪಲಿಯಲ್ಲಿ ಎತ್ತಲು ಹೋದರೆ ಚಪ್ಪಲಿ ಕೆಳಗೆ, ಪೆಡಲ್ ಅಲ್ಲೇ. ಕ್ಲಿಪ್ಪಿನಲ್ಲಾದರೆ ಮೊಣಕಾಲು ಮೇಲೆತ್ತಿದರೆ ಸಾಕು, ಪೆಡಲ್ ಜೊತೆಗೆ ಬರುತ್ತದೆ.

ಎರಡನೆಯ ಲಾಭ ಇನ್ನೂ ದೊಡ್ಡದು. ಚಪ್ಪಟೆ ಪೆಡಲ್ಲಿನಲ್ಲಿ ಒಂದು ಕಾಲು ಅರ್ಧ ಸುತ್ತನ್ನಷ್ಟೇ ನಡೆಸಬಲ್ಲದು, ಕೆಳಗೆ ಬಂದ ಪೆಡಲ್ಲನ್ನು ಮೇಲೆತ್ತಲು ಇನ್ನೊಂದು ಕಾಲು ಬೇಕೇ ಬೇಕು. ಸಿಕ್ಕಿಸಿಕೊಂಡ ಬಲಗಾಲು ಕೆಳಗೂ ತುಳಿಯುತ್ತದೆ, ಮೇಲಕ್ಕೂ ಎಳೆಯುತ್ತದೆ. ಎಡಗಾಲು ತನ್ನ ಪೆಡಲ್ ಹುಡುಕುವಷ್ಟರಲ್ಲಿ ಬಲಗಾಲೊಂದೇ ಎರಡು ಮೂರು ಸುತ್ತು ಹೊಡೆದು ಸರ್ಕಲ್ ದಾಟಿಸಿರುತ್ತದೆ. ಎಡ ಪೆಡಲ್ ಯಾವ ಬದಿ ಮೇಲಿದೆ ಅಂತ ಬಗ್ಗಿ ನೋಡುವ ಚಾಳಿ ಬೇಡ. ಬಸ್ಸಿನ ಹಿಂದೆ ಹೊರಟಾಗ ಕಣ್ಣು ಪೆಡಲ್ ಮೇಲಿದ್ದರೆ ಮೂಗು ಬಸ್ಸಿಗೆ.

ಎರಡು ಬದಿಯ ಪೆಡಲ್ಲಿನ ನಿಜವಾದ ಕಿರಿಕಿರಿ ಇಲ್ಲಿದೆ. ಬೇಕಾದ ಬದಿ ಬೇಕಾದಾಗ ಮೇಲಿರುವುದಿಲ್ಲ. ಹೊಸದರಲ್ಲಿ ಗ್ರೀಸ್ ಗಟ್ಟಿಯಿರುವುದರಿಂದ ಪೆಡಲ್ ಬಿಟ್ಟ ಭಂಗಿಯಲ್ಲೇ ನಿಂತಿರುತ್ತದೆ, ಒಮ್ಮೆ ಹಾಗೆ, ಒಮ್ಮೆ ಹೀಗೆ. ಬೇರಿಂಗ್ ಸಲೀಸಾದ ಮೇಲೆ ಭಾರದ ಬದಿ ಕೆಳಗೆ ಬಂದು ನಿಲ್ಲುತ್ತದೆ, ಆಗ ಅಂದಾಜು ಸಿಗುತ್ತದೆ. ಶೂವಿನ ಮೂತಿಯಿಂದ ಪೆಡಲ್ಲಿನ ಹಿಂದಂಚನ್ನು ಮೆಲ್ಲಗೆ ತಟ್ಟಿ ಮಗುಚುವ ಕೈಚಳಕ, ಅಲ್ಲ ಕಾಲ್ಚಳಕ, ಎರಡು ವಾರದಲ್ಲಿ ಬರುತ್ತದೆ. ಅಷ್ಟು ತಾಳ್ಮೆ ಇಲ್ಲದವರಿಗೆ, ದಿನಾ 40-50 ಕಿ.ಮೀ. ಹೊರ ರಸ್ತೆಯಲ್ಲೇ ಓಡಿಸುವವರಿಗೆ ಎಂ520 ವಾಸಿ. ಯಾವ ಬದಿ ಬಂದರೂ ಕಚ್ಚುತ್ತದೆ.

ತುಳಿಯದೆ ಉರುಳುವಾಗ

ಬಳ್ಳಾರಿಯ ಸುತ್ತ ಸಪಾಟು ನೆಲವೇ ಹೆಚ್ಚು, ಇಳಿಜಾರು ಬೇಕಾದರೆ ಸಂಡೂರಿಗೇ ಹೋಗಬೇಕು. ಕುಮಾರಸ್ವಾಮಿ ಬೆಟ್ಟದ ರಸ್ತೆ ಇಳಿಯುವಾಗ ತುಳಿಯುವುದನ್ನು ನಿಲ್ಲಿಸಿ ಒಮ್ಮೆ ಕೆಳಗೆ ನೋಡಿ. ಒಂದು ಕಾಲು ಮುಂದೆ, ಒಂದು ಹಿಂದೆ ಇರುತ್ತದೆ. ಮುಂದಿರುವುದು ಯಾವಾಗಲೂ ಅದೇ ಕಾಲು. ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಹೊರಡುವಾಗ ತುಳಿಯುವ ಕಾಲೇ ಮುಂದಿರಬೇಕೆಂಬ ನಿಯಮವೂ ಇಲ್ಲ, ಬಲಗಾಲಲ್ಲಿ ಹೊರಟು ಎಡಗಾಲು ಮುಂದಿಟ್ಟು ಉರುಳುವವರೂ ಇದ್ದಾರೆ.

ಯಾವುದು ಮುಂದಿದ್ದರೂ ಪೆಡಲ್ ಎರಡೂ ಒಂದೇ ಮಟ್ಟದಲ್ಲಿರಬೇಕು ಅನ್ನುವುದು ಮುಖ್ಯ. ಲೆಕ್ಕ ಹಾಕಿ: ಕ್ರ್ಯಾಂಕ್ (ಪೆಡಲ್ ಹೊತ್ತ ತೋಳು) ಕೂರುವ ಅಚ್ಚು ನೆಲದಿಂದ 275 ಮಿ.ಮೀ. ಎತ್ತರ, ಕ್ರ್ಯಾಂಕಿನ ಉದ್ದ 170 ಮಿ.ಮೀ. ಅಂತಿಟ್ಟುಕೊಂಡರೆ, ಪೆಡಲ್ ತೀರಾ ಕೆಳಗಿದ್ದಾಗ ಅದರ ಆಕ್ಸಲ್ ನೆಲದಿಂದ 105 ಮಿ.ಮೀ. ಮಾತ್ರ. ಪೆಡಲ್ಲಿನ ದಪ್ಪ ಕಳೆದರೆ ಉಳಿಯುವುದು ಹೆಚ್ಚೂಕಡಿಮೆ ನಾಲ್ಕು ಬೆರಳಿನಷ್ಟು ಜಾಗ. ಹಳ್ಳಿ ಬಂದಾಗಲೆಲ್ಲ ಎದುರಾಗುವ, ಬಣ್ಣ ಬಳಿಯದ ಹಂಪುಗಳಿಗೆ ಅದು ಸಾಲದು. ಮಟ್ಟಸವಾಗಿಟ್ಟರೆ ಎರಡೂ ಪೆಡಲ್ 275ರ ಎತ್ತರದಲ್ಲೇ ಉಳಿಯುತ್ತವೆ, ಜೊತೆಗೆ ಎರಡು ಕಾಲೂ ಸಮ ಭಾರ ಹೊತ್ತು ಸೀಟಿನಿಂದ ಒಂದಿಂಚು ಏಳಬಹುದು. ತಿರುವಿನಲ್ಲಿ ಮಾತ್ರ ಇದು ಬದಲಾಗುತ್ತದೆ. ಎಡ ತಿರುವಿಗೆ ಎಡ ಪೆಡಲ್ ಮೇಲೆ, ಬಲಗಾಲು ಕೆಳಗೆ, ಭಾರವೆಲ್ಲ ಬಲಗಾಲಿನ ಮೇಲೆ. ಬಲ ತಿರುವಿಗೆ ಅದರ ವಿರುದ್ಧ. ಒಳಗಿನ ಪೆಡಲ್ ಕೆಳಗೆ ಬಿಟ್ಟು ವಾಲಿದರೆ ಅದು ರಸ್ತೆಗೆ ತಾಗಿ ಹಿಂದಿನ ಗಾಲಿಯನ್ನು ಎತ್ತಿ ಎಸೆಯುತ್ತದೆ.

ಪೆಡಲ್ ಪೆಡಲ್ಲಿನ ನಡುವಿನ ವ್ಯತ್ಯಾಸ ಬ್ರೇಕ್ ಹಿಡಿದಾಗ ಗೊತ್ತಾಗುತ್ತದೆ. ಇಳಿಜಾರಿನಲ್ಲಿ ಗಟ್ಟಿ ಬ್ರೇಕಿಗೆ ಪಾದ ಮುಂದಕ್ಕೆ ಜಾರುತ್ತದೆ. ಬಿಸಿಲಿಗೆ ಕಾದು ಕಾದು ಗಾಜಿನಂತಾದ ಹಳೆ ರಬ್ಬರ್ ಮೇಲಂತೂ ಹೇಳುವುದೇ ಬೇಡ, ಬೆರಳು ತಪ್ಪಿ ಹಿಮ್ಮಡಿಯೇ ಪೆಡಲ್ ಮೇಲೆ ಬಂದಿರುತ್ತದೆ. ಇಎಚ್500ರ ಪಿನ್ನುಗಳು ಚಪ್ಪಟೆ ಬದಿಯಲ್ಲೂ ಅಟ್ಟೆಯನ್ನು ಚೆನ್ನಾಗಿ ಹಿಡಿಯುತ್ತವೆ. ಕ್ಲಿಪ್ ಬದಿಯಲ್ಲಿ ಜಾರುವ ಪ್ರಶ್ನೆಯೇ ಇಲ್ಲ. ಆದರೂ ಎರಡೂ ಹಿಮ್ಮಡಿಗಳನ್ನು ಸ್ವಲ್ಪ ಕೆಳಗಿಳಿಸಿ ಇಡುವುದು ಒಳ್ಳೆಯದು, ಬ್ರೇಕಿನ ಒತ್ತಡ ಕೈಗೆ ಬೀಳದೆ ಕಾಲಿಗೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಹಿಂದಿನ ತೊಡೆ ಸೋತರೆ ಅರ್ಧ ಸುತ್ತು ತುಳಿದು ಮುಂದಿನ ಕಾಲು ಬದಲಿಸಿ.

ಚಪ್ಪಟೆ ಬದಿಯ ಗುಟ್ಟು ಶೂವಿನಲ್ಲಿದೆ

ಎರಡು ಬೋಲ್ಟಿನ ಕ್ಲೀಟ್ ಅಟ್ಟೆಯ ಗುಳಿಯೊಳಗೆ ಕೂರುತ್ತದೆ. ಸುತ್ತಲಿನ ರಬ್ಬರ್ ಕ್ಲೀಟಿಗಿಂತ ಎತ್ತರ ಇದ್ದರೆ ಮಾತ್ರ ಚಪ್ಪಟೆ ಬದಿ ಕೆಲಸಕ್ಕೆ ಬರುತ್ತದೆ. ರಬ್ಬರ್ ತೆಳುವಾಗಿದ್ದರೆ ಉಕ್ಕಿನ ಕ್ಲೀಟು ಲೋಹದ ಪೆಡಲ್ ಮೇಲೆ ನಿಂತು ಎಣ್ಣೆ ಸುರಿದ ನೆಲದಂತೆ ಜಾರುತ್ತದೆ. ಅಂಗಡಿಯಲ್ಲಿ ಕ್ಲೀಟ್ ಕೂರಿಸಿದ ಶೂ ಹಾಕಿ ನಾಲ್ಕು ಹೆಜ್ಜೆ ನಡೆಯಿರಿ. ಟೈಲ್ಸ್ ಮೇಲೆ ‘ಕರ್ ಕರ್’ ಸದ್ದು ಬಂದರೆ ಆ ಶೂ ಈ ಪೆಡಲ್ಲಿಗೆ ಬೇಡ.

ಚಪ್ಪಲಿಯಲ್ಲಿ ಸೈಕಲ್ ಹೊಡೆಯುವವರಿಗೆ ಈ ಪೆಡಲ್ಲೇ ಬೇಡ, ನೇರವಾಗಿ ಹೇಳುವುದಾದರೆ. ಪಿನ್ನುಗಳು ಚಪ್ಪಲಿಯ ಅಡಿಯನ್ನು ಕೆತ್ತುತ್ತವೆ, ಕಾಲು ತಪ್ಪಿದರೆ ಮೊಣಕಾಲ ಕೆಳಗಿನ ಮೂಳೆಯನ್ನೂ ಕೆತ್ತುತ್ತವೆ. ಅವರಿಗೆ ಅಗಲ ನೈಲಾನ್ ಪೆಡಲ್ ಸಾಕು. ಲೋಹದ ಪಿನ್ ಇಲ್ಲದೆ ಅಚ್ಚಿನಲ್ಲೇ ಉಬ್ಬು ಹಾಕಿರುವುದನ್ನು ಆರಿಸಿಕೊಳ್ಳಿ. ರಬ್ಬರ್ ಪೆಡಲ್ ನೂರರ ಲೆಕ್ಕದಲ್ಲಿ ಸಿಗುತ್ತದೆ, ಇದು ಸಾವಿರದ ಲೆಕ್ಕದ ವಸ್ತು, ಮೇಲೆ ಶೂವಿನ ಖರ್ಚು ಬೇರೆ. ವಾರಕ್ಕೆ ಎರಡು ದಿನ ಕೋಟೆ ಸುತ್ತು ಹಾಕಿ ಬರುವವರು ಅಷ್ಟು ಸುರಿಯಬೇಕಿಲ್ಲ.

ಕೂರಿಸುವಾಗ

ಎಡ ಪೆಡಲ್ಲಿನ ಥ್ರೆಡ್ ಉಲ್ಟಾ. ಆಕ್ಸಲ್ ಮೇಲೆ ಎಲ್ ಮತ್ತು ಆರ್ ಗುರುತು ಇರುತ್ತದೆ, ಮೊದಲು ಅದನ್ನು ನೋಡಿ. ಎರಡೂ ಕಡೆ ಮಾಮೂಲಿ ಥ್ರೆಡ್ ಇದ್ದಿದ್ದರೆ ತುಳಿಯುವ ಒತ್ತಡದಲ್ಲಿ ಆಕ್ಸಲ್ ತೂತಿನೊಳಗೆ ಕೂದಲಷ್ಟು ಕೂದಲಷ್ಟೇ ಹೊರಳಿ ಎಡ ಪೆಡಲ್ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ನೆನಪಿಗೆ ಸುಲಭ ಸೂತ್ರ: ಪಾನಾ ಹಿಡಿಕೆಯನ್ನು ಮೇಲ್ಮುಖ ಮಾಡಿ ಮುಂದಿನ ಗಾಲಿಯ ಕಡೆ ತಳ್ಳಿದರೆ ಬಿಗಿ, ಹಿಂದಿನ ಗಾಲಿಯ ಕಡೆ ತಳ್ಳಿದರೆ ಸಡಿಲ. ಎಡಬಲ ಎರಡಕ್ಕೂ ಇದೇ.

ಸೈಜು 9/16 ಇಂಚು, ಇಂಚಿಗೆ 20 ಸುತ್ತು. ಕ್ರ್ಯಾಂಕು, ಅಚ್ಚು ಎಲ್ಲ ಒಂದೇ ಬಾಗಿದ ಸರಳಿನಲ್ಲಿರುವ ಕೆಲವು ಮಕ್ಕಳ ಸೈಕಲ್ಲುಗಳಲ್ಲಿ 1/2 ಇಂಚು ಇರುತ್ತದೆ, ಅಲ್ಲಿ ಇದು ಕೂರದು. ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೊದಲ ನಾಲ್ಕೈದು ಸುತ್ತನ್ನು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಾರದೆ ಪಾನಾ ಹಾಕಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಥ್ರೆಡ್ ಕತ್ತರಿಸಿಹೋಗುತ್ತದೆ, ಪೆಡಲ್ಲಿಗೆ ಏನೂ ಆಗಿರುವುದಿಲ್ಲ, ಹೊಸ ಕ್ರ್ಯಾಂಕ್ ತರಬೇಕಾಗುತ್ತದೆ. ಬಿಗಿ 35ರಿಂದ 55 ನ್ಯೂಟನ್ ಮೀಟರ್. ಅಳೆಯುವ ಪಾನಾ ಇಲ್ಲದಿದ್ದರೆ 20 ಸೆಂ.ಮೀ. ಉದ್ದದ ಹಿಡಿಕೆಯ ತುದಿಯಲ್ಲಿ 20 ಕೆ.ಜಿ. ಭಾರ ಹಾಕಿದಷ್ಟು ಒತ್ತಿ, ಸರಿಸುಮಾರು 40 ಆಗುತ್ತದೆ. ಇನ್ನೊಂದು ಮಾತು. ಬೀದಿ ಬದಿಯ ಸೈಕಲ್ ಅಂಗಡಿಯಲ್ಲಿ 15 ಮಿ.ಮೀ. ಪಾನಾ ಇರುತ್ತದೆ, ಆದರೆ ಇಂಥ ಪೆಡಲ್ಲುಗಳು ಹಲವು ಸಲ ಆಕ್ಸಲ್ಲಿನ ಒಳತುದಿಯಿಂದ 8 ಮಿ.ಮೀ. ಅಲೆನ್ ಕೀ (ಆರು ಮೂಲೆಯ ಕೀಲಿ) ಕೇಳುತ್ತವೆ. ಪೆಡಲ್ ಜೊತೆಗೇ ಒಂದು ಕೊಂಡಿಟ್ಟುಕೊಳ್ಳಿ.

ಕ್ಲೀಟಿನಲ್ಲಿ ಎರಡು ಜಾತಿ ಗೊತ್ತಿರಲಿ. ಎಸ್‌ಎಂ-ಎಸ್‌ಎಚ್51 ಪಕ್ಕಕ್ಕೆ ತಿರುವಿದರೆ ಮಾತ್ರ ಬಿಡುತ್ತದೆ. ಎಸ್‌ಎಂ-ಎಸ್‌ಎಚ್56 ಹಿಮ್ಮಡಿಯನ್ನು ಓರೆಯಾಗಿ ಮೇಲೆಳೆದರೂ ಬಿಡುತ್ತದೆ. ಗಾಬರಿಯಲ್ಲಿ ಮೇಲಕ್ಕೆ ಎಳೆಯುವ ಹೊಸಬರಿಗೆ 56 ಒಳ್ಳೆಯದು. ನಿಂತು ಜೋರಾಗಿ ತುಳಿಯುವವರಿಗೆ ಅದೇ ಅಪಾಯ, ನಡುವೆ ಕಾಲು ಕಿತ್ತುಕೊಂಡು ಬರಬಹುದು. ಕ್ಲೀಟನ್ನು ಹೆಬ್ಬೆರಳಿನ ಬುಡದ ಗಂಟಿನ ನೇರಕ್ಕೆ, ಅಥವಾ ಎರಡು ಮೂರು ಮಿ.ಮೀ. ಹಿಂದಕ್ಕೆ ಇಡಿ. ಏಪ್ರಿಲ್ ಮೇ ಬಿಸಿಲಿಗೆ ಪಾದ ಊದಿಕೊಂಡು ಅಂಗಾಲು ಉರಿಯುವವರಿಗೆ ಹಿಂದಕ್ಕಿಟ್ಟರೇ ಸುಖ. 4 ಮಿ.ಮೀ. ಅಲೆನ್ನಿನಲ್ಲಿ 5-6 ನ್ಯೂಟನ್ ಮೀಟರ್ ಬಿಗಿ ಸಾಕು. 50 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬಿಗಿಮಾಡಿ. ಬೋಲ್ಟ್ ಸಡಿಲಾದರೆ ಹಿಮ್ಮಡಿ ತಿರುವಿದಾಗ ಶೂ ಮಾತ್ರ ತಿರುಗುತ್ತದೆ, ಕ್ಲೀಟ್ ಪೆಡಲ್ಲಿನಲ್ಲೇ ಉಳಿಯುತ್ತದೆ. ಆಗ ಕಾಲು ಬಿಡಿಸುವ ದಾರಿ ಒಂದೇ, ಶೂ ಬಿಚ್ಚಿ ಇಳಿಯುವುದು.

ಸ್ಪ್ರಿಂಗ್ ಬಿಗಿ ಹೊಂದಿಸಲು 3 ಮಿ.ಮೀ. ಸ್ಕ್ರೂ ಇದೆ. ಇಎಚ್500ರಲ್ಲಿ ಪೆಡಲ್ಲಿಗೊಂದು, ಎಂ520ರಲ್ಲಿ ಎರಡು. ಮೊದಲು ಪೂರ್ತಿ ಸಡಿಲ ಮಾಡಿ ಶುರುಮಾಡಿ, ಆಮೇಲೆ ಬಲಕ್ಕೆ ಮಾತ್ರ ಎರಡು ಮೂರು ‘ಟಿಕ್’ ಏರಿಸಿ. ಎಡದ್ದು ಯಾವಾಗಲೂ ಬಲಕ್ಕಿಂತ ಸಡಿಲವೇ ಇರಲಿ. ಕೈಪಿಡಿ ಎರಡನ್ನೂ ಸಮ ಇಡಲು ಹೇಳಬಹುದು, ಆದರೆ ನಮ್ಮ ರಸ್ತೆಯಲ್ಲಿ ದಿನಕ್ಕೆ ನಲವತ್ತು ಸಲ ಬಿಡಿಸಿಕೊಳ್ಳುವ ಕಾಲು ಎಡದ್ದು.

ಎರೆ ಮಣ್ಣು, ಕೆಂಪು ಧೂಳು

ಒಣ ದಿನದಲ್ಲಿ ಸಂಡೂರು ತೋರಣಗಲ್ಲು ಕಡೆಯ ಅದಿರಿನ ಧೂಳು ಎಣ್ಣೆ ಕಂಡಲ್ಲೆಲ್ಲ ಕೂತು ಅರೆಯುವ ಮಸಿಯಾಗುತ್ತದೆ. ಪೆಡಲ್ಲಿನ ಸ್ಪ್ರಿಂಗಿಗೆ ಯಂತ್ರದ ಎಣ್ಣೆ ಸುರಿಯಬೇಡಿ. ಒಣಗುವ ಜಾತಿಯ ಚೈನ್ ಲ್ಯೂಬ್ ಎರಡು ಹನಿ ಬಿಟ್ಟು, ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ. ಮಳೆಗಾಲದ ಎರೆ ಮಣ್ಣು ಬೇರೆಯೇ ತೊಂದರೆ ಕೊಡುತ್ತದೆ. ಹೊಲದಂಚಿನಲ್ಲಿ ಎಡಗಾಲು ಒಂದು ಸಲ ಇಟ್ಟರೆ ಸಾಕು, ಕ್ಲೀಟಿನ ಗುಳಿ ಗಾರೆ ತುಂಬಿದಂತಾಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಕಚ್ಚದು. ಒದ್ದು ಒತ್ತಿ ಕೂರಿಸಿದರೆ ಇನ್ನೂ ಕೆಟ್ಟದು, ಅರ್ಧ ಕಚ್ಚಿ ನಿಂತು ಬೇಕಾದಾಗ ಬಿಡುವುದಿಲ್ಲ. ಬ್ಯಾಗಿನಲ್ಲಿ ಹಳೆ ಸ್ಪೋಕ್ ತುಂಡೊಂದು ಇರಲಿ, ಗುಳಿ ಕೆದಕಲು ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಎರಡು ಬದಿಯ ಪೆಡಲ್ಲಿನ ದೊಡ್ಡ ಉಪಕಾರ ಇಲ್ಲಿಯೂ ಸಿಗುತ್ತದೆ: ಕೆದಕಲು ಪುರಸೊತ್ತಿಲ್ಲದಿದ್ದರೆ ಮಗುಚಿ ಚಪ್ಪಟೆ ಬದಿಯಲ್ಲೇ ಮನೆ ಸೇರಬಹುದು. ಎಂ520ರವರು ಜಾರುತ್ತಾ ಬರಬೇಕು.

ತುಳಿಯುವಾಗ ಸುತ್ತಿಗೊಮ್ಮೆ ‘ಕಟಕ್’ ಅಂದರೆ ಪೆಡಲ್ಲನ್ನು ಬೈಯುವ ಮೊದಲು ಕ್ರ್ಯಾಂಕ್ ನೋಡಿ. ಕರಿ ಸೈಕಲ್ಲಿನಲ್ಲಿ ಅದು ಹೆಚ್ಚಾಗಿ ಸಡಿಲಾದ ಕಾಟರ್ ಪಿನ್ನಿನ, ಅಂದರೆ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಪಿನ್ನಿನ, ಸದ್ದು. ಪೆಡಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಪೆಡಲ್ ಮಾತ್ರ ಆಡಿದರೆ ಬೇರಿಂಗು, ಕ್ರ್ಯಾಂಕೂ ಆಡಿದರೆ ಕಾಟರು.

ಕ್ಲೀಟ್ ಸವೆಯುವುದು ಎಡದ್ದೇ ಮೊದಲು. ನಡೆಯುವುದೂ ಅದರ ಮೇಲೆ, ಬಿಡಿಸುವುದೂ ಅದನ್ನೇ. ಸಿಕ್ಕಿಸಿದ ಮೇಲೂ ಹಿಮ್ಮಡಿ ಮೇಲೆ ಕೆಳಗೆ ಲಟಪಟ ಆಡತೊಡಗಿದರೆ ಅದರ ಕಾಲ ಮುಗಿಯಿತು. ಎಡ ಬಲ ಎರಡೂ ಒಂದೇ ಆಕಾರ ಇರುವುದರಿಂದ ಸವೆದದ್ದನ್ನು ಬಲಕ್ಕೆ ಹಾಕಿ ಇನ್ನೊಂದು ವರ್ಷ ತಳ್ಳುವವರಿದ್ದಾರೆ. ಹೊರಡುವಾಗ ಮೇಲಕ್ಕೆ ಎಳೆಯುವುದು ಬಲಗಾಲೇ, ಸವೆದ ಕ್ಲೀಟು ಕಿತ್ತುಬಂದರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ. ಜೋಡಿಯಾಗಿಯೇ ಬದಲಿಸಿ, ಬೋಲ್ಟ್ ನಾಲ್ಕೂ ಹೊಸವು ಹಾಕಿ.